ಬಾಯಾಡುತ್ತಿರುವ ತನಕ

ಗೋದಲಿಯ ತಳಕ್ಕೆ ಅಂಟಿದ ಬೂಸಾವನ್ನು ಅಂಗೈಯಿಂದ ಬಳಿದು ಬಕೆಟ್ಟಿಗೆ ಹಾಕುವುದು ನನ್ನ ಬೆಳಗಿನ ಮೊದಲ ಕೆಲಸ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅವತ್ತೂ ಅಮ್ಮ ಕೊನೆಯ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು. ಅಪ್ಪ ಅಂಗಳದಲ್ಲಿ ಕ್ಯಾನುಗಳಿಗೆ ಬಿಸಿನೀರು ಹಾಕಿ ಕುಲುಕುತ್ತಿದ್ದ. ನೊರೆಯೊಳಗೆ ಹಾಲು ಬೀಳುವ ಸದ್ದು, ಕ್ಯಾನಿನೊಳಗೆ ನೀರು ಹೊರಳುವ ಸದ್ದು, ಅಷ್ಟೇ.

ಮೊದಲ ಗೋದಲಿ ಗಡಿಗೆ ಎಂಬ ಹಸುವಿನದು. ಹೊಟ್ಟೆ ಗಡಿಗೆಯಂತೆ ಇಳಿಬಿದ್ದಿರುವುದರಿಂದ ಅವಳಿಗೆ ಆ ಹೆಸರು. ಅವಳ ಗೋದಲಿಯಲ್ಲಿ ಬಳಿಯುವುದಕ್ಕೆ ಏನೂ ಉಳಿದಿರುವುದಿಲ್ಲ, ಸಿಮೆಂಟಿನ ತನಕ ನೆಕ್ಕಿರುತ್ತಾಳೆ. ಎರಡನೆಯದು ಖಾಲಿ. ಮೂರನೆಯದೂ ಖಾಲಿ. ನಾಲ್ಕನೆಯದು ಸಾಸಿವೆಯದು, ಮೂತಿಯ ತುಂಬ ಕರಿಯ ಚುಕ್ಕೆ ಸಿಡಿದಂತಿರುವ ಹಸು, ಕರು ಹಾಕಿ ಹನ್ನೊಂದು ದಿನವಾಗಿತ್ತು. ಅವಳ ಒಣಹುಲ್ಲು ಅರ್ಧಕ್ಕಿಂತ ಹೆಚ್ಚು ಖರ್ಚಾಗಿತ್ತು. ಆದರೆ ಬೂಸಾ ಹಾಗೇ ಇತ್ತು. ಹಿಂಡಿ ಕಲಸಿ ಹಾಕಿದ ಮೇಲೆ ಅದನ್ನು ಅಂಗೈಯಿಂದ ಒಮ್ಮೆ ತಟ್ಟಿ ಸಮ ಮಾಡುವುದು ನನ್ನ ರೂಢಿ. ಹಿಂದಿನ ಸಂಜೆ ತಟ್ಟಿದ ನನ್ನ ಅಂಗೈ ಗುರುತು ಐದೂ ಬೆರಳು ಸಮೇತ ಅಲ್ಲಿ ಉಳಿದಿತ್ತು.

ಅದರ ಮೇಲೆ ಮತ್ತೆ ಕೈ ಇಟ್ಟು ನೋಡಿದೆ. ಸರಿಯಾಗಿ ಕೂತಿತು.

ಮೊನ್ನೆ ಅವಳು ಅರ್ಧ ಬಿಟ್ಟಿದ್ದಳು. ನಿನ್ನೆ ಮುಕ್ಕಾಲು. ಇವತ್ತು ಮೂತಿಯನ್ನೇ ತಾಗಿಸಿಲ್ಲ. ಬಗ್ಗಿ ಅವಳ ಉಸಿರಿಗೆ ಮುಖ ಕೊಟ್ಟೆ. ಹಣ್ಣು ಕೊಳೆಯುವುದಕ್ಕೆ ಒಂದು ದಿನ ಮುಂಚೆ ಬರುತ್ತದಲ್ಲ, ಅಂಥದೊಂದು ಸಿಹಿ ವಾಸನೆ. ಅವಳು ನನ್ನನ್ನು ನೋಡುತ್ತ ಬಾಯಾಡಿಸುತ್ತಿದ್ದಳು.

ಬಾಯಾಡಿಸುತ್ತಿದ್ದಳು ಎನ್ನುವುದೇ ತೊಂದರೆಯಾಗಿತ್ತು. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಒಂದು ಮಾತಿದೆ: ಬಾಯಾಡ್ತಿರೋ ತನಕ ಭಯವಿಲ್ಲ. ಹಸು ಎಷ್ಟೇ ಸಪ್ಪಗಿರಲಿ, ಮೆಲುಕು ಹಾಕುತ್ತ ಬಾಯಿ ಆಡುತ್ತಿದ್ದರೆ ಡಾಕ್ಟರನ್ನು ಕರೆಯುವಂತಿಲ್ಲ. ಬಾಯಿ ನಿಂತರೆ ಒಂದು ಹೊತ್ತೂ ಕಾಯುವಂತಿಲ್ಲ. ಅಪ್ಪ ಮೂವತ್ತು ವರ್ಷ ಈ ಮಾತಿನ ಮೇಲೆ ಹಸು ಸಾಕಿದ್ದಾನೆ, ಮಾತು ಅವನ ಕೈ ಬಿಟ್ಟಿಲ್ಲ. ಮನುಷ್ಯರಿಗೂ ಅದನ್ನೇ ಅನ್ವಯಿಸುತ್ತಾನೆ. ಅಮ್ಮ ಬೆಳಗಿನಿಂದ ಬೈಯುತ್ತಿದ್ದರೆ, "ಬಾಯಾಡ್ತಿದೆ, ಭಯವಿಲ್ಲ" ಎಂದು ಟವೆಲ್ಲು ಕೊಡವಿ ಹೊರಡುತ್ತಾನೆ. ಅಮ್ಮ ನನ್ನ ಕಡೆ ತಿರುಗಿ, "ನಿಮ್ಮಪ್ಪನ ಲೆಕ್ಕದಲ್ಲಿ ನೀನು ಹುಟ್ಟಿದ ದಿನವೇ ಸತ್ತಿರಬೇಕಿತ್ತು ಕಣೆ" ಎನ್ನುತ್ತಾಳೆ.

ನಾನು ಮಾತು ಕಡಿಮೆ. ಏಳನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಗಂಟಲಿನಿಂದ ಗಾಳಿ ಕೂಡ ಬರುತ್ತಿರಲಿಲ್ಲ. ಆ ವರ್ಷವೇ ಶಾಲೆ ಬಿಟ್ಟು ಕೊಟ್ಟಿಗೆಗೆ ಬಂದೆ. ಮನೆಯಲ್ಲಿ ನನ್ನ ಹೆಸರು ಮುಚ್ಚಳ.

ಹೋದ ವರ್ಷ ಒಮ್ಮೆ ಮುಚ್ಚಳ ತೆಗೆದಿದ್ದೆ. ಗಡಿಗೆ ಎರಡು ಹೊತ್ತು ಮೇವು ಬಿಟ್ಟು, ಹಗ್ಗ ಜಗ್ಗಿ ಕೂಗುತ್ತಿದ್ದಳು; ಬಾಯಿ ನಿಂತಿದೆ ಎಂದು ನಾನೇ ಅಪ್ಪನಿಗೆ ಹೇಳಿ ಡಾಕ್ಟರನ್ನು ಕರೆಸಿದ್ದೆ. ಡಾಕ್ಟರು ಅಷ್ಟು ದೂರದಿಂದ ಬಂದು, ಗಡಿಗೆಯ ಬಾಲ ಎತ್ತಿ ನೋಡಿ, ನಕ್ಕು, "ಇದಕ್ಕೆ ಕಾಯಿಲೆ ಅಲ್ಲ ಸ್ವಾಮಿ, ಮದುವೆ ಬೇಕು" ಎಂದರು. ಬೆದೆಗೆ ಬಂದಿದ್ದಳು, ಅಷ್ಟೇ. ಹಾಲಿಗೆಂದು ಬಂದಿದ್ದ ಪಕ್ಕದ ಮನೆಯ ಬಡಗಿ ಮಾವ ಅದನ್ನು ಕೇಳಿಸಿಕೊಂಡ. ಕೇಳಿಸಿಕೊಂಡ ಮೇಲೆ ಕೇಳಬೇಕೆ? ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ಅಪ್ಪನನ್ನು ಒಂದು ತಿಂಗಳು "ಹೆಣ್ಣಿನ ಕಡೆಯವರು ಬಂದ್ರು, ದಾರಿ ಬಿಡಿ" ಎಂದು ಸ್ವಾಗತಿಸಿದರು. ಯಾವ ಹೆಣ್ಣು ಎಂದು ಕೆಲವರು ನನ್ನ ಕಡೆಯೂ ನೋಡಿದರು. ಆಮೇಲೆ ನಾನು ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ.

ಆದರೂ ಆ ಬೆಳಿಗ್ಗೆ, ಅಪ್ಪ ಕ್ಯಾನುಗಳನ್ನು ಮೊಪೆಡ್ಡಿಗೆ ಕಟ್ಟುತ್ತಿದ್ದಾಗ ಹೋಗಿ ಪಕ್ಕದಲ್ಲಿ ನಿಂತೆ.

"ಏನೇ?"

"ಸಾಸಿವೆ ಬೂಸಾ ಮುಟ್ಟಿಲ್ಲ."

"ಹುಲ್ಲು?"

"ತಿಂದಿದ್ದಾಳೆ. ಅರ್ಧ."

ಅಪ್ಪ ಕಟ್ಟಿದ ಗಂಟನ್ನು ಹಾಗೇ ಬಿಟ್ಟು ಕೊಟ್ಟಿಗೆಯ ಬಾಗಿಲಿಗೆ ಬಂದು ಇಣುಕಿದ. ಸಾಸಿವೆಯ ದವಡೆ ಎಡಕ್ಕೂ ಬಲಕ್ಕೂ ಸರಿಯಾಗಿ ತಿರುಗುತ್ತಿತ್ತು.

"ನೋಡು, ಬಾಯಾಡ್ತಿದೆಯಲ್ಲ. ಹೊಸ ಬಾಣಂತಿ, ನಾಲಿಗೆ ಕೆಟ್ಟಿರುತ್ತೆ. ನಾಡಿದ್ದಿಗೆ ಸರಿ ಹೋಗುತ್ತೆ."

"ಹಾಲೂ ಅರ್ಧಕ್ಕಿಳಿದಿದೆ ಕಣ್ರೀ," ಎಂದಳು ಅಮ್ಮ ಒಳಗಿನಿಂದ.

"ಬೂಸಾ ತಿನ್ನದಿದ್ರೆ ಹಾಲು ಎಲ್ಲಿಂದ ಬರುತ್ತೆ?"

ಲೋಟ ಹಿಡಿದು ಬಂದ ಬಡಗಿ ಮಾವ, "ಏನು, ಮತ್ತೆ ಗಂಡು ನೋಡ್ತಿದೀರಾ?" ಎಂದ. ಅಪ್ಪನ ಕಿವಿ ಕೆಂಪಾಯಿತು. ಮೊಪೆಡ್ಡಿಗೆ ಒದ್ದು ಹೊರಟೇ ಹೋದ.

ನನಗೆ ಕೆಲಸ ಬಹಳವಿತ್ತು. ಸಗಣಿ ಬಾಚಬೇಕು, ನೆಲ ತೊಳೆಯಬೇಕು, ಕರುವಿಗೆ ಕುಡಿಸಬೇಕು. ಯಾವುದನ್ನೂ ಮಾಡದೆ ಬಕೆಟ್ಟು ಬೋರಲು ಹಾಕಿ ಸಾಸಿವೆಯ ಮುಂದೆ ಕೂತೆ.

ಹಸು ಮೆಲುಕು ಹಾಕುವುದನ್ನು ಎಲ್ಲರೂ ನೋಡಿರುತ್ತಾರೆ, ಆದರೆ ಬಾಯಿಯನ್ನು ನೋಡಿರುತ್ತಾರೆ. ಶಾಲೆ ಬಿಟ್ಟ ವರ್ಷ, ಮಾತಾಡಲು ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ, ನಾನು ಕುತ್ತಿಗೆ ನೋಡುವುದನ್ನು ಕಲಿತೆ. ಗಡಿಗೆ ಒಮ್ಮೆ ಉಸಿರೆಳೆದು ಸುಮ್ಮನಾಗುತ್ತಾಳೆ. ಎದೆಯ ಹತ್ತಿರ ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ಉಂಡೆಯೊಂದು ಹುಟ್ಟುತ್ತದೆ. ಅದು ಕುತ್ತಿಗೆಯ ಉದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಓಡುತ್ತದೆ. ನೀರು ಕೂಡ ಮೇಲಿನಿಂದ ಕೆಳಕ್ಕೇ ಹೋಗುವ ಲೋಕದಲ್ಲಿ ಅದೊಂದು ಮಾತ್ರ ಯಾರ ಸಹಾಯವೂ ಇಲ್ಲದೆ ಏರುತ್ತದೆ. ಬಾಯಿಗೆ ಬಂದ ಕೂಡಲೇ ದವಡೆ ಶುರು. ಗಡಿಗೆ ಒಂದು ಉಂಡೆಗೆ ಐವತ್ತೆಂಟು ಸಲ ಅಗಿಯುತ್ತಾಳೆ, ಸಾಸಿವೆ ಐವತ್ತೊಂದು. ಒಂದೆರಡು ಹೆಚ್ಚುಕಮ್ಮಿ ಆಗಬಹುದು, ಅಷ್ಟೇ. ಅಗಿದು ಮುಗಿದ ಮೇಲೆ ನುಂಗು; ಉಂಡೆ ಸಣ್ಣದಾಗಿ ಅದೇ ದಾರಿಯಲ್ಲಿ ಇಳಿಯುತ್ತದೆ. ಮೂರು ಎಣಿಸುವಷ್ಟು ಬಿಡುವು. ಮತ್ತೆ ಹೊಸ ಉಂಡೆ. ಮೊದಲ ಸಲ ಅದನ್ನು ಕಂಡ ದಿನ ಮೈಮೇಲೆ ಕೂದಲು ಎದ್ದು ನಿಂತಿತ್ತು. ಇಷ್ಟು ದಿನ ಇದು ನನ್ನ ಕಣ್ಣೆದುರೇ ನಡೆಯುತ್ತಿತ್ತಲ್ಲ ಎಂದು ಆ ಮಧ್ಯಾಹ್ನವೆಲ್ಲ ಅಲ್ಲೇ ಕೂತಿದ್ದೆ.

ಈಗ ಸಾಸಿವೆಯ ದವಡೆ ಎಣಿಸತೊಡಗಿದೆ. ಐವತ್ತೊಂದು ಆಯಿತು. ನುಂಗಲಿಲ್ಲ. ಅರವತ್ತು. ತೊಂಬತ್ತು. ನೂರ ನಲವತ್ತು. ಸಾಲಿನ ಆ ತುದಿಯಲ್ಲಿ ಗಡಿಗೆಯ ಉಂಡೆಗಳು ಏರುತ್ತ ಇಳಿಯುತ್ತ ಇದ್ದವು; ಸಾಸಿವೆಯ ಕುತ್ತಿಗೆ ಗೋಡೆಯಂತೆ ಸುಮ್ಮನಿತ್ತು. ಇನ್ನೂರಕ್ಕೆ ಬಂದಾಗ ನಾನು ಹತ್ತಿರ ಸರಿದು ಕಿವಿಯನ್ನು ಅವಳ ಕೆನ್ನೆಗೆ ಒತ್ತಿದೆ. ಒಳಗೆ ಹುಲ್ಲಿನ ಸದ್ದಿರಲಿಲ್ಲ. ಕಲ್ಲಿಗೆ ಕಲ್ಲು ತಿಕ್ಕಿದಂತೆ, ಕರ್, ಕರ್ ಎಂದು ಹಲ್ಲಿಗೆ ಹಲ್ಲು. ಬಾಯಿ ಖಾಲಿ.

ಅವಳು ಮೆಲುಕು ಹಾಕುತ್ತಿರಲಿಲ್ಲ. ನೋವಿಗೆ ಹಲ್ಲು ಕಡಿಯುತ್ತಿದ್ದಳು. ನಾವು ಮೂರು ದಿನದಿಂದ ಅದನ್ನೇ ನೋಡಿ ಭಯವಿಲ್ಲ, ಭಯವಿಲ್ಲ ಎನ್ನುತ್ತಿದ್ದೆವು.

ಅಪ್ಪನ ಫೋನು ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗಿತ್ತು. ಡಾಕ್ಟರ ನಂಬರನ್ನು ಅಪ್ಪ ಕೊಟ್ಟಿಗೆಯ ಸುಣ್ಣದ ಗೋಡೆಯ ಮೇಲೆ ಮೊಳೆಯಿಂದ ಕೆತ್ತಿಟ್ಟಿದ್ದಾನೆ. ನಾನು ಅದುವರೆಗೆ ಹೊರಗಿನವರು ಯಾರಿಗೂ ಫೋನು ಮಾಡಿದವಳಲ್ಲ. ಒತ್ತಿದೆ. ಆ ಕಡೆ "ಹಲೋ" ಎಂದರು. ಶಾಲೆಯಲ್ಲಿ ಎದ್ದು ನಿಂತಾಗಿನಂತೆಯೇ ಮಾತು ಬರಲಿಲ್ಲ; ಬರೀ ಉಸಿರು.

"ಹಲೋ? ಹಲೋ? ಯಾರ್ರೀ ಅದು, ಉಸಿರು ಬಿಡೋದಕ್ಕೆ ಅಂತಲೇ ಫೋನ್ ಮಾಡ್ತೀರಾ?" ಎಂದು ಇಟ್ಟುಬಿಟ್ಟರು.

ಮತ್ತೆ ಸಾಸಿವೆಯ ಮುಂದೆ ಹೋಗಿ ನಿಂತು, ಅವಳ ಮುಖ ನೋಡುತ್ತ ಒತ್ತಿದೆ. ಅವಳ ದವಡೆ ತಿರುಗುತ್ತಲೇ ಇತ್ತು, ಕರ್, ಕರ್.

"ನಮ್ಮ ಹಸುವಿಗೆ ಹುಷಾರಿಲ್ಲ," ಎಂದೆ.

"ಎಲ್ಲಿಂದ?"

ದಾರಿ ಹೇಳುವಷ್ಟು ಮಾತು ನನ್ನಲ್ಲಿರಲಿಲ್ಲ. "ಹೋದ ವರ್ಷ... ಮದುವೆ ಬೇಕು ಅಂದ್ರಲ್ಲ. ಆ ಮನೆ."

ಆ ಕಡೆ ನಗು ಸಿಡಿಯಿತು. "ಓಹೋ, ಮದುವೆ ಮನೆಯವರು! ಈ ಸಲ ಏನು?"

"ಬೇರೆ ಹಸು. ಕರು ಹಾಕಿ ಹನ್ನೊಂದು ದಿನ. ಹುಲ್ಲು ತಿಂತಾಳೆ, ಬೂಸಾ ಬಿಟ್ಟಿದ್ದಾಳೆ. ಉಸಿರು ಸಿಹಿ ವಾಸನೆ."

"ಮೆಲುಕು ಹಾಕ್ತಿದೆಯಾ?"

"ಬಾಯಿ ಆಡ್ತಿದೆ. ಉಂಡೆ ಬರ್ತಿಲ್ಲ."

ನಗು ನಿಂತಿತು.

"ಏನಂದೆ? ಇನ್ನೊಂದ್ಸಲ ಹೇಳು."

"ಗಂಟಲಲ್ಲಿ ಉಂಡೆ ಏರ್ತಿಲ್ಲ. ಬರೀ ಹಲ್ಲು ಕಡೀತಿದ್ದಾಳೆ."

"ಎಷ್ಟು ಹೊತ್ತು ನೋಡಿದೆ?"

"ಇನ್ನೂರು ಸಲ ಆಡೋ ತನಕ."

"ಎಣಿಸಿದೆಯಾ?"

ನಾನು ತಲೆಯಾಡಿಸಿದೆ. ಆಮೇಲೆ ಫೋನಿಗೆ ಅದು ಕಾಣುವುದಿಲ್ಲ ಎಂದು ನೆನಪಾಗಿ, "ಹೂಂ" ಎಂದೆ.

"ಏನನ್ನೂ ಕುಡಿಸಬೇಡಿ. ಹನ್ನೊಂದರೊಳಗೆ ಬರ್ತೀನಿ. ಉದ್ದದ ಹಗ್ಗ ಒಂದು, ಗಟ್ಟಿ ಆಳು ಒಬ್ಬ, ಇಟ್ಟಿರಿ. ಮನೇಲಿ ದೊಡ್ಡವರಿಗೆ ಗೊತ್ತಾ?"

"ಗೊತ್ತಾಗುತ್ತೆ," ಎಂದೆ.

ಗೊತ್ತಾಯಿತು. ಅಪ್ಪ ಡೈರಿಯಿಂದ ಬಂದು ಕ್ಯಾನು ಇಳಿಸುವ ಮೊದಲೇ ಅಮ್ಮ, "ನಿಮ್ಮ ಮಗಳು ಫೋನ್ ಮಾಡಿದಾಳೆ ಕಣ್ರೀ! ಡಾಕ್ಟ್ರಿಗೆ! ಅವಳೇ! ಬಾಯಿಂದ!" ಎಂದು ಕೂಗಿದಳು. ಹಸುವಿನ ಸುದ್ದಿಗಿಂತ ಆ ಸುದ್ದಿಯೇ ಅವಳಿಗೆ ದೊಡ್ಡದಾಗಿತ್ತು.

ಅಪ್ಪ ನನ್ನನ್ನು ನೋಡಿದ. ಅವನಿಗೆ ಸಿಟ್ಟು ಬಂದರೆ ದನಿ ಇಳಿಯುತ್ತದೆ. "ಬೇಡ ಅಂದಿದ್ನಲ್ಲ. ಬಾಯಾಡ್ತಿದೆ ಅಂದಿದ್ನಲ್ಲ. ಮತ್ತೆ ಆ ಡೈರಿ ಮುಂದೆ ನಾನು ತಲೆ ಎತ್ತೋದು ಬೇಡವಾ? ಫೋನ್ ಮಾಡಿ ಬರಬೇಡಿ ಅನ್ನು."

"ಅಪ್ಪ, ಗಂಟಲು ನೋಡು."

"ಏನು?"

"ಬಾಯಿ ನೋಡಬೇಡ. ಗಂಟಲು ನೋಡು. ಮೊದಲು ಗಡಿಗೆದು."

ಅಪ್ಪನಿಗೆ ನಾನು ಒಂದೇ ಉಸಿರಿಗೆ ಇಷ್ಟು ಹೇಳಿದ್ದು ಅದೇ ಮೊದಲಿರಬೇಕು. ಬಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ. ಅಮ್ಮ ಕಂಬಕ್ಕೆ ಒರಗಿದಳು. ಗಡಿಗೆ ಉಸಿರೆಳೆದಳು. ನಾನು ಬೆರಳು ತೋರಿಸಿದೆ. ಉಂಡೆ ಏರಿತು.

"ಅಯ್ಯೋ!" ಎಂದಳು ಅಮ್ಮ. "ಇಲಿ ಓಡಿದ ಹಾಗೆ ಓಡ್ತಲ್ಲೇ!"

ಇನ್ನೊಂದು ಏರಿತು. ಇನ್ನೊಂದು. ಅಪ್ಪನ ಬಾಯಿ ತಾನಾಗಿ ತೆರೆದುಕೊಂಡಿತ್ತು. ಆಮೇಲೆ ನಿಧಾನವಾಗಿ ಸಾಸಿವೆಯ ಕಡೆ ತಿರುಗಿದ. ಮೂವರೂ ಅವಳ ಕುತ್ತಿಗೆಯನ್ನು ನೋಡುತ್ತ ಕೂತೆವು. ದವಡೆ ತಿರುಗುತ್ತಿತ್ತು, ತಿರುಗುತ್ತಿತ್ತು. ಬೀದಿಯಲ್ಲಿ ಗುಜರಿಯವನು ಕೂಗುತ್ತ ಬಂದು, ಕೂಗುತ್ತಲೇ ದೂರ ಹೋದ. ಸಾಸಿವೆಯ ಕುತ್ತಿಗೆಯಲ್ಲಿ ಏನೂ ಏರಲಿಲ್ಲ.

"ಮೂವತ್ತು ವರ್ಷ ಬಾಯಿ ನೋಡಿದೀನಿ," ಎಂದ ಅಪ್ಪ. ಅಷ್ಟು ಹೇಳಿ ಎದ್ದುಹೋಗಿ, ಅಟ್ಟದ ಮೇಲಿದ್ದ ಉದ್ದದ ಹಗ್ಗ ಇಳಿಸಿದ.

ಡಾಕ್ಟರ ಗಾಡಿ ನಿಂತದ್ದನ್ನು ಕಂಡು ಬಡಗಿ ಮಾವ ಉಳಿಯನ್ನು ಪೆನ್ಸಿಲ್ಲಿನಷ್ಟೇ ಹಗುರವಾಗಿ ಬೆರಳಲ್ಲಿ ತಿರುಗಿಸುತ್ತ ಬಂದ. ನಗುವುದಕ್ಕೇ ಬಂದವನು. ಗಟ್ಟಿ ಆಳು ಬೇಕೆಂದು ಡಾಕ್ಟರು ಅವನ ತೋಳು ಹಿಡಿದು ಒಳಗೆಳೆದುಕೊಂಡರು. ಡಾಕ್ಟರು ನೆರೆತ ತಲೆಯ ಕುಳ್ಳ ಮನುಷ್ಯ, ಮೊಣಕಾಲುದ್ದದ ರಬ್ಬರ್ ಬೂಟು. "ಫೋನ್ ಮಾಡಿದವರು ಯಾರು?" ಎಂದರು. ಅಮ್ಮ ನನ್ನನ್ನು ಮುಂದಕ್ಕೆ ತಳ್ಳಿದಳು. ಅವರು ಒಮ್ಮೆ ನೋಡಿ, "ಹೂಂ" ಎಂದು ಸಾಸಿವೆಯ ಎಡಪಕ್ಕಕ್ಕೆ ಹೋದರು.

ಸ್ಟೆತಾಸ್ಕೋಪನ್ನು ಅವಳ ಪಕ್ಕೆಲುಬುಗಳ ಮೇಲಿಟ್ಟು, ಅದರ ಪಕ್ಕದಲ್ಲೇ ಬೆರಳನ್ನು ಮಡಚಿ ಟಪ್ ಎಂದು ಚಿಮ್ಮಿದರು, ಗೋಲಿ ಹೊಡೆಯುವ ಹಾಗೆ. ಸ್ವಲ್ಪ ಹಿಂದೆ ಸರಿದು ಮತ್ತೆ. ಮತ್ತೆ. ಅಮ್ಮ ಏನೋ ಕೇಳಲು ಹೊರಟಳು.

"ಎಲ್ಲರೂ ಬಾಯಿ ಮುಚ್ಚಿ."

ಅಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ಡಾಕ್ಟರು ಇನ್ನೆರಡು ಸಲ ಚಿಮ್ಮಿ ನಿಂತರು. ಕಿವಿಯಿಂದ ಅದನ್ನು ತೆಗೆದು ನನ್ನ ಕಿವಿಗೆ ಸಿಕ್ಕಿಸಿದರು. "ಕೇಳು."

ಚಿಮ್ಮಿದರು.

ಠಣ್.

ಖಾಲಿ ಹಾಲಿನ ಕ್ಯಾನಿನ ತಳಕ್ಕೆ ಎತ್ತರದಿಂದ ಒಂದೇ ಒಂದು ಹನಿ ಬಿದ್ದರೆ ಬರುವ ಸದ್ದು. ಲೋಹದ ಸದ್ದು. ಮಾಂಸ, ರಕ್ತ, ಹುಲ್ಲು ತುಂಬಿದ ಮೈಯೊಳಗೆ ಲೋಹ ಎಲ್ಲಿಂದ ಬಂತು? ನಾನು ದಿನಾ ಉಜ್ಜುವ ಪಕ್ಕೆ ಅದು. ಚಳಿಗೆ ಬೆನ್ನು ಒರಗಿಸಿದ ಪಕ್ಕೆ. ಅದರ ಹಿಂದೆ ಇಷ್ಟು ದೊಡ್ಡ, ಇಷ್ಟು ಖಾಲಿಯಾದ ಕೋಣೆಯೊಂದು ಇದೆ ಎಂದು ಅದು ಯಾವತ್ತೂ ಹೇಳಿರಲಿಲ್ಲ. ನಾನು ಅಪ್ಪನಿಗೆ ಕೊಟ್ಟೆ. ಅಪ್ಪ ಕೇಳಿಸಿಕೊಂಡು ಕಣ್ಣು ಮುಚ್ಚಿದ. ಬಡಗಿ ಮಾವನಿಗೂ ಸಿಕ್ಕಿತು. ಅವನು ಜೋಕು ಮಾಡಲೆಂದು ತೆರೆದ ಬಾಯಿಯನ್ನು ಹಾಗೇ ಮುಚ್ಚಿದ.

"ಹಸುವಿಗೆ ಹೊಟ್ಟೆ ಒಂದಲ್ಲ, ನಾಲ್ಕು ಕೋಣೆ," ಎಂದರು ಡಾಕ್ಟರು. "ನಾಲ್ಕನೇದು ಕೆಳಗೆ ಬಲಕ್ಕಿರಬೇಕು. ಒಳಗಿದ್ದ ಕರು ಹೊರಗೆ ಬಂತಲ್ಲ, ಜಾಗ ಖಾಲಿಯಾಯ್ತು. ಮನೆ ಖಾಲಿಯಾದ ಕೂಡಲೇ ಪಕ್ಕದವರು ಪಾತ್ರೆ ಪಗಡ ತಂದು ಸೇರಿಕೊಳ್ತಾರಲ್ಲ, ಹಾಗೆ ಈ ನಾಲ್ಕನೇದು ಗಾಳಿ ತುಂಬ್ಕೊಂಡು ಎಡಕ್ಕೆ ತೇಲಿ ಬಂದು ಕೂತಿದೆ. ಬಾಗಿಲು ಹಿಸುಕಿದೆ, ತಿಂದದ್ದು ಮುಂದಕ್ಕೆ ಹೋಗ್ತಿಲ್ಲ."

"ಇನ್ನೆರಡು ದಿನ ನೋಡಿದ್ರೆ?" ಅಪ್ಪ ಕೇಳಿದ. ಕೇಳಬಾರದೆಂದುಕೊಂಡೇ ಕೇಳಿದ ಹಾಗಿತ್ತು.

"ನೋಡ್ತಾನೇ ಇರ್ತಿದ್ರಿ. ಬಾಯಿ ಆಡ್ತಿರ್ತಿತ್ತು. ಹಸು ನೆಲ ಹಿಡಿಯೋ ತನಕ ಆಡ್ತಿರ್ತಿತ್ತು."

ಅಂಗಳದಲ್ಲಿ ಹುಲ್ಲು ಹರವಿದೆವು. ಹಗ್ಗವನ್ನು ಸಾಸಿವೆಯ ಕುತ್ತಿಗೆಗೆ ಒಂದು ಸುತ್ತು, ಎದೆಗೆ ಒಂದು, ಸೊಂಟಕ್ಕೆ ಒಂದು ಹಾಕಿ ತುದಿಯನ್ನು ಹಿಂದಕ್ಕೆ ತಂದರು. ಕೆಡವುತ್ತಾರೆ, ಧೊಪ್ಪನೆ ಬೀಳುತ್ತಾಳೆ ಎಂದು ನಾನು ಕಣ್ಣು ಮುಚ್ಚಲಿದ್ದೆ. ಅಪ್ಪ ಮತ್ತು ಬಡಗಿ ಮಾವ ಹಗ್ಗವನ್ನು ನೆಟ್ಟಗೆ ಎಳೆದರು, ಅಷ್ಟೇ. ಸಾಸಿವೆ ಬೀಳಲಿಲ್ಲ. ಹಿಂಗಾಲು ಮಡಚಿ, ಮುಂಗಾಲು ಮಡಚಿ, ಬಹಳ ದಣಿದವರು ಹಾಸಿಗೆ ಕಂಡಾಗ ಇಳಿಯುವ ಹಾಗೆ ತಾನಾಗಿ ಇಳಿದು ಬಲಕ್ಕೆ ಒರಗಿದಳು. ನಾಲ್ಕು ಆಳು ಕೂಗಾಡಿದರೂ ಅಲುಗದ ಪ್ರಾಣಿ ಮೂರು ಸುತ್ತು ಹಗ್ಗದ ಮಾತು ಕೇಳಿತ್ತು.

ಆಮೇಲೆ ಕಾಲುಗಳನ್ನು ಹಿಡಿದು ಅವಳನ್ನು ಬೆನ್ನ ಮೇಲೆ ಮಗುಚಿದೆವು. ನಾನು ತಲೆಯ ಹತ್ತಿರ ಮಂಡಿಯೂರಿ ಅವಳ ಕಣ್ಣಿಗೆ ಟವೆಲ್ಲು ಮುಚ್ಚಿ ಹಿಡಿದಿದ್ದೆ. ನಾಲ್ಕು ಗೊರಸು ಆಕಾಶಕ್ಕೆ. ದಿನಾ ನೆಲದ ಕಡೆಗಿದ್ದ, ಯಾರೂ ಕಾಣದ ಬಿಳಿಯ ಹೊಟ್ಟೆ ಬಿಸಿಲಿಗೆ ತೆರೆದುಕೊಂಡಿತ್ತು; ಅದರ ಮೇಲೆ ನೀಲಿಯ ನರವೊಂದು ಹೆಬ್ಬೆರಳಿನಷ್ಟು ದಪ್ಪಕ್ಕೆ ಹೊಳೆಯಂತೆ ಬಳುಕಿ ಹರಿದಿತ್ತು. ಡಾಕ್ಟರು ಹೊಟ್ಟೆಯನ್ನು ಮೆಲ್ಲಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಿಸಲು ಹೇಳಿದರು. ತೊಟ್ಟಿಲು ತೂಗಿದ ಹಾಗೆ ತೂಗಿದೆವು.

"ಈಗ ಆ ಗಾಳಿ ಎಲ್ಲಿಗೆ ಹೋಗುತ್ತೆ?" ಎಂದರು ಡಾಕ್ಟರು, ಯಾರನ್ನೂ ನೋಡದೆ.

"ಮೇಲಕ್ಕೆ," ಎಂದ ಬಡಗಿ ಮಾವ, ಕಾಲು ಹಿಡಿದಲ್ಲಿಂದಲೇ. "ರಸಮಟ್ಟದ ಗುಳ್ಳೆ ಹಾಗೆ. ಎಲ್ಲಿ ಎತ್ತರವೋ ಅಲ್ಲಿಗೆ." ಅವನು ದಿನಾ ಮರದ ಮೇಲಿಟ್ಟು ನೋಡುವ ಪಟ್ಟಿಯ ಗಾಜಿನಲ್ಲಿ ಅಂಥದೊಂದು ಗುಳ್ಳೆ ಓಡಾಡುತ್ತದೆ.

"ನೋಡಿ, ಬಡಗಿಗೆ ಗೊತ್ತಿದೆ."

ಅವರು ಟವೆಲ್ಲನ್ನು ಅಮ್ಮನ ಕೈಗೆ ಬಿಡಿಸಿ, ನನ್ನನ್ನು ಹತ್ತಿರ ಕರೆದು ಸ್ಟೆತಾಸ್ಕೋಪಿನ ಕಿವಿಗಳನ್ನು ಕೊಟ್ಟು, ಬಿಲ್ಲೆಯನ್ನು ತಾವು ಹಿಡಿದು ಹೊಟ್ಟೆಯ ಮೇಲೆ ಸರಿಸುತ್ತ ಚಿಮ್ಮತೊಡಗಿದರು. ಎಡಪಕ್ಕದಲ್ಲಿ ಮಣ್ಣಿಗೆ ಬಡಿದ ಸದ್ದು. ಇನ್ನೊಂದು ಗೇಣು ಆಚೆ, ಅದೇ. ನಡು ದಾಟಿ ಸ್ವಲ್ಪ ಬಲಕ್ಕೆ ಬಂದಾಗ, ಠಣ್. ಅದು ಹೋಗಿತ್ತು. ಎಡದಲ್ಲಿ ಬೀಡುಬಿಟ್ಟಿದ್ದದ್ದು ಕತ್ತಲಲ್ಲಿ, ಕರುಳುಗಳ ನಡುವೆ, ದಾರಿ ಕೇಳದೆ ತನ್ನ ಮನೆಗೆ ಹೋಗಿ ನಿಂತಿತ್ತು. ನಾನು ಬೆರಳೆತ್ತಿದೆ. ಅವರು ಅಲ್ಲೇ ಗುರುತು ಮಾಡಿದರು.

ಕೂದಲು ಬೋಳಿಸಿ, ತೊಳೆದು, ಮರಗಟ್ಟಿಸುವ ಸೂಜಿ ಕೊಟ್ಟರು. ಆಮೇಲೆ ಪೆನ್ನಿನಷ್ಟು ದಪ್ಪದ ಟೊಳ್ಳು ಸೂಜಿಯೊಂದನ್ನು ಒಂದೇ ಏಟಿಗೆ ಇಳಿಸಿದರು. ಸುಯ್ ಎಂದು ಗಾಳಿ ಬಂತು. ಹುಳಿ ವಾಸನೆ, ಅದರ ಹಿಂದೆ ಏನೋ ಸೀದ ವಾಸನೆ. ನಮಗೆಲ್ಲ ಮೂಗು ಮುಚ್ಚುವಂತಾಯಿತು, ಡಾಕ್ಟರು ಮಾತ್ರ ಮಲ್ಲಿಗೆ ಮೂಸುವವರಂತೆ ಬಗ್ಗಿ ಮೂಸಿ, "ಅದೇ. ಅದೇ ಕೋಣೆ" ಎಂದರು. ಆ ಟೊಳ್ಳಿನೊಳಗಿಂದ ದಾರ ಕಟ್ಟಿದ ಪುಟ್ಟ ಕಡ್ಡಿಯೊಂದನ್ನು ಒಳಗೆ ನೂಕಿದರು. ಅದು ಒಳಗೆ ಹೋಗಿ ಅಡ್ಡ ತಿರುಗಿ ನಿಲ್ಲುತ್ತದಂತೆ, ಅಂಗಿಯ ಕಾಜದಲ್ಲಿ ಗುಂಡಿ ನಿಲ್ಲುವ ಹಾಗೆ. ನಾಲ್ಕು ಬೆರಳು ಆಚೆ ಇನ್ನೊಂದು. ಎರಡೂ ದಾರಗಳನ್ನು ಹೊರಗೆ ಸೇರಿಸಿ ಗಂಟು ಹಾಕಿದರು. ನಾನು ಅಪ್ಪನ ಅಂಗಿಗೆ ಎಷ್ಟು ಗುಂಡಿ ಹೊಲಿದಿಲ್ಲ! ಹೊಟ್ಟೆಯನ್ನು ಅದರ ಜಾಗಕ್ಕೆ ಗುಂಡಿ ಹಾಕಿ ನಿಲ್ಲಿಸಬಹುದು ಎಂದು ಯಾರಿಗೆ ಮೊದಲು ಹೊಳೆಯಿತೋ, ಅವರ ಕೈ ಹೇಗಿತ್ತೋ.

ಎಡಕ್ಕೆ ಮಗುಚಿ ಹಗ್ಗ ಸಡಿಲಿಸಿದ ಕೂಡಲೇ ಸಾಸಿವೆ ಎದ್ದು ನಿಂತು ಮೈ ಕೊಡವಿದಳು. ಡಾಕ್ಟರು ರಕ್ತನಾಳಕ್ಕೆ ಒಂದು ಬಾಟ್ಲಿ ಔಷಧ ಹರಿಸಿ, ಎಡಪಕ್ಕೆಗೆ ಮತ್ತೆ ಚಿಮ್ಮಿ ಕೇಳಿ, ತಲೆದೂಗಿದರು. ಆದರೆ ಕೈ ತೊಳೆಯುವಾಗ ನಗಲಿಲ್ಲ.

"ಇದು ಅರ್ಧ ಕೆಲಸ. ಗುಂಡಿ ಹಿಡಿದಿದೆಯಾ, ದಾರಿ ಬಿಟ್ಟಿದೆಯಾ ಅಂತ ಹಸುವೇ ಹೇಳಬೇಕು. ಸಂಜೆ ಐದರೊಳಗೆ ಮೆಲುಕು ಬಂದ್ರೆ ಉಳೀತು. ಬರದಿದ್ರೆ ಬಂದು ಹೊಟ್ಟೆ ಕುಯ್ಯಬೇಕು, ಆಮೇಲಿನದ್ದಕ್ಕೆ ನಾನು ಮಾತು ಕೊಡಲ್ಲ. ಎರಡರಲ್ಲಿ ಯಾವುದೇ ಆದ್ರೂ ಫೋನ್ ಬರಲೇಬೇಕು."

"ನಾನೇ ಮಾಡ್ತೀನಿ ಡಾಕ್ಟ್ರೇ," ಎಂದ ಅಪ್ಪ.

"ನೀವು ಬೇಡ ಸ್ವಾಮಿ. ನೀವು ಬಾಯಿ ನೋಡ್ತೀರಾ." ನನ್ನ ಕಡೆ ಗಲ್ಲ ಎತ್ತಿದರು. "ಇವಳು ಮಾಡಲಿ. ಮದುವೆ ಮನೆಯವರು ಅಂತ ಹೇಳಿದ್ರೆ ಸಾಕು."

ಸಾಸಿವೆಯನ್ನು ಮತ್ತೆ ಕೊಟ್ಟಿಗೆಗೆ ತಂದು ಕಟ್ಟಿದೆವು. ಬಡಗಿ ಮಾವ ಅಂಗಡಿಗೆ ಹೋಗಲಿಲ್ಲ. ಅರ್ಧ ಕೊರೆದ ಬಾಗಿಲೊಂದು ಅವನಿಗಾಗಿ ಕಾಯುತ್ತಿತ್ತು. ಅವನು ಖಾಲಿ ಕ್ಯಾನೊಂದನ್ನು ಮಗುಚಿ ಸಾಸಿವೆಯ ಮುಂದೆ ಕೂತ. ಅಪ್ಪ ಇನ್ನೊಂದರ ಮೇಲೆ. ಅಮ್ಮ ಕಂಬಕ್ಕೆ ಒರಗಿ ಕಾಲು ಚಾಚಿದಳು. ಎರಡು ಗಂಟೆಗೆ ಸಾಸಿವೆ ಹಲ್ಲು ಕಡಿಯುವುದನ್ನು ನಿಲ್ಲಿಸಿದಳು. ದವಡೆ ಪೂರ್ತಿ ನಿಂತಿತು. ನಮ್ಮ ಮನೆಯ ಮಾತಿನ ಪ್ರಕಾರ ಭಯಪಡಬೇಕಾದ ಹೊತ್ತು ಅದು, ಮತ್ತು ಮೂರು ದಿನದಲ್ಲಿ ಮೊದಲ ಸಲ ಅವಳ ಕಣ್ಣು ಹಗುರಾಗಿ ಕಂಡಿತು. ಅಪ್ಪ ಒಂದು ಸಲ ನನ್ನ ಮುಖ ನೋಡಿದ. ನಾನು ಕೈಯಿಂದ "ಇರು" ಎಂದೆ.

ಮೂರಕ್ಕೆ ಅವಳು ಒಂದು ಹಿಡಿ ಹುಲ್ಲೆಳೆದಳು. ಮೂರೂವರೆಗೆ, ನಾನು ಬಳಿಯದೆ ಬಿಟ್ಟಿದ್ದ ಬೂಸಾದಲ್ಲಿ ಮೂತಿ ಇಟ್ಟು, ನನ್ನ ಅಂಗೈ ಗುರುತಿನ ಹೆಬ್ಬೆರಳನ್ನು ನೆಕ್ಕಿ ಅಳಿಸಿದಳು. ನಾಲ್ಕಕ್ಕೆ ಮಲಗಿದಳು. ನಾಲ್ಕೂವರೆ ದಾಟಿತು. ಬಿಸಿಲು ಕೊಟ್ಟಿಗೆಯ ಹೊಸ್ತಿಲಿನಿಂದ ಒಳಗೆ ಬಂದು ಅವಳ ಕುತ್ತಿಗೆಯ ಮೇಲೆ ಬಿದ್ದಿತ್ತು. ಅಪ್ಪನ ಅಂಗಿ ಜೇಬಿನಲ್ಲಿದ್ದ ಫೋನಿನ ಮೂಲೆ ಅವನ ಉಸಿರಿಗೆ ಏರಿ ಇಳಿಯುತ್ತಿತ್ತು. ಅವನೂ ಬಡಗಿ ಮಾವನೂ ಅಮ್ಮನೂ, ಮೂರು ಜನವೂ, ಗಂಟಲನ್ನೇ ನೋಡುತ್ತಿದ್ದರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಸಾಸಿವೆ ಉಸಿರೆಳೆದು ಸುಮ್ಮನಾದಳು.

ಎದೆಯ ಹತ್ತಿರ ಚರ್ಮ ಉಬ್ಬಿತು. ಉಂಡೆ ಹುಟ್ಟಿತು. ಬಿಸಿಲಿನೊಳಗೆ ಬಂತು, ಕುತ್ತಿಗೆಯ ಉದ್ದಕ್ಕೂ, ಕೆಳಗಿನಿಂದ ಮೇಲಕ್ಕೆ, ಯಾರೂ ಎತ್ತದೆ, ಯಾರೂ ತಳ್ಳದೆ. ದವಡೆ ಶುರುವಾಯಿತು. ಹುಲ್ಲಿನ ಸದ್ದು. ನಾನು ಎಣಿಸಿದೆ. ಬಡಗಿ ಮಾವನ ಬೆರಳುಗಳು ಮಂಡಿಯ ಮೇಲೆ ಎಣಿಸುತ್ತಿದ್ದವು. ಅಪ್ಪನ ತುಟಿ ಎಣಿಸುತ್ತಿತ್ತು. ನಲವತ್ತೊಂಬತ್ತು. ಐವತ್ತು. ಐವತ್ತೊಂದಕ್ಕೆ ನುಂಗಿದಳು, ಉಂಡೆ ಇಳಿಯಿತು.

"ಅಪ್ಪ, ಫೋನ್ ಕೊಡು," ಎಂದೆ.

ಎರಡನೆಯದು ಏರುತ್ತಿತ್ತು; ಅಪ್ಪನ ಕಣ್ಣು ಅದರ ಮೇಲೆಯೇ ಇತ್ತು.

"ಅಪ್ಪ, ಆ ಫೋನ್ ಕೊಡು."